ಅಕ್ಷರಕ್ಕೂ ಒಂದು ಸ್ನಾತಕೋತ್ತರ ಓದು

ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರಿನಲ್ಲಿ ಕನ್ನಡ ಓದಿದವರಿಗೆಲ್ಲ ‘ತುಂಗಾ’ ಪರಿಚಿತ. ಹೆಸರು ಗೊತ್ತಿಲ್ಲದವರೂ ಅದರ ತೆಳು ಗೆರೆ, ಉರುಟು ಮೈಯನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಅದಕ್ಕೂ ಮುಂಚೆ ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಒಂದರಲ್ಲಿ ಟೈಪ್ ಮಾಡಿದ ಕಾಗದವನ್ನು ಇನ್ನೊಬ್ಬರ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತಿತ್ತು. 2001ರಲ್ಲಿ ಎಕ್ಸ್‌ಪಿ ಬಂದಾಗ ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದ ಕನ್ನಡಕ್ಕೆಂದು ಯಂತ್ರದ ಜೊತೆಯಲ್ಲೇ ಬಂದ ಅಕ್ಷರ ತುಂಗಾ.

ಅದರ ವಿನ್ಯಾಸದ ನೇತೃತ್ವ ವಹಿಸಿದವರು ರಘುನಾಥ ಕೃಷ್ಣ ಜೋಶಿ. ಮರಾಠಿ ಕವಿ, ಕ್ಯಾಲಿಗ್ರಫಿ ಕಲಾವಿದ, ಎಲ್ಲಕ್ಕಿಂತ ಹೆಚ್ಚಾಗಿ ಮೇಷ್ಟ್ರು. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿ, ಆಮೇಲೆ ಮುಂಬೈನ ಪವಾಯಿಯಲ್ಲಿರುವ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು. ಎಲ್ಲರೂ ಐಡಿಸಿ ಎಂದೇ ಕರೆಯುವ ಜಾಗ ಅದು. ಭಾರತದ ಎಲ್ಲ ಭಾಷೆಗಳನ್ನೂ ಬರೆಯಬಲ್ಲ ಒಂದೇ ಲಿಪಿಯ ಕನಸು ಕಂಡು, ಅದಕ್ಕೆ ‘ದೇಶನಾಗರಿ’ ಎಂದು ಹೆಸರಿಟ್ಟು, ರೂಪವನ್ನೂ ಕೊಟ್ಟಿದ್ದರು. ಅದು ಬಳಕೆಗೆ ಬರಲಿಲ್ಲ. ಆದರೆ ಆ ಹುಡುಕಾಟದಲ್ಲಿ ನಮ್ಮ ಲಿಪಿಗಳ ಒಳರಚನೆ ಅವರ ಕೈಗೆ ಒಗ್ಗಿತ್ತು. ದೇವನಾಗರಿಯ ‘ಮಂಗಲ್’, ತಮಿಳಿನ ‘ಲತಾ’, ನಮ್ಮ ‘ತುಂಗಾ’ ಎಲ್ಲ ಅವರ ಮಾರ್ಗದರ್ಶನದಲ್ಲಿ ತಯಾರಾದವು. 2008ರಲ್ಲಿ ತೀರಿಕೊಂಡರು. ಕೋಟ್ಯಂತರ ಜನ ದಿನವೂ ಓದಿದ ಅಕ್ಷರಗಳಿಗೆ ರೂಪ ಕೊಟ್ಟ ಇವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಕ್ಷರ ಬರೆಯುವುದನ್ನು ಸ್ನಾತಕೋತ್ತರ ಮಟ್ಟದಲ್ಲಿ ಎರಡು ವರ್ಷ ಓದಬಹುದು ಎಂಬುದೇ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಎಂ.ಡೆಸ್., ಅಂದರೆ ಮಾಸ್ಟರ್ ಆಫ್ ಡಿಸೈನ್, ಎಂದೊಡನೆ ಫ್ಯಾಷನ್ ಷೋ ನೆನಪಾಗುತ್ತದೆ, ಇಲ್ಲವೇ ಮನೆಯ ಒಳಾಂಗಣದ ಅಲಂಕಾರ. ಈ ಓದಿನ ನಿಜವಾದ ವಿಸ್ತಾರವನ್ನು ನನಗೆ ತೋರಿಸಿಕೊಟ್ಟವಳು ಐಡಿಸಿಯಲ್ಲಿ ಓದುತ್ತಿರುವ ಧಾರವಾಡದ ಕಡೆಯ ಒಬ್ಬ ಹುಡುಗಿ. ಬಿ.ಇ.ಯಲ್ಲಿ ಮೆಕ್ಯಾನಿಕಲ್ ಮಾಡಿದವಳು ಈಗ ಅಕ್ಷರದ ಬೆನ್ನು ಹತ್ತಿದ್ದಾಳೆ. ರಜೆಗೆ ಬೆಂಗಳೂರಿನ ಅಕ್ಕನ ಮನೆಗೆ ಬಂದಿದ್ದಾಗ ಅವಳ ಕೆಲಸ ನೋಡುವ ಅವಕಾಶ ಸಿಕ್ಕಿತು.

ಊಟದ ಮೇಜಿನ ತುಂಬ ಗ್ರಾಫ್ ಹಾಳೆಗಳು. ಬಸ್ಸಿನ ಹಣೆಯ ಮೇಲೆ ಮಿನುಗುವ ಎಲ್‌ಇಡಿ ಬೋರ್ಡಿಗೆ ಕನ್ನಡ ಅಕ್ಷರ ಬರೆಯುವುದು ಅವಳ ಪ್ರಾಜೆಕ್ಟ್. ಎತ್ತರಕ್ಕೆ 16 ಚೌಕ ಎಂದು ಅವಳೇ ಮಿತಿ ಹಾಕಿಕೊಂಡಿದ್ದಾಳೆ. ಒಂದು ಚೌಕ ತುಂಬಿದರೆ ಅಲ್ಲೊಂದು ದೀಪ ಉರಿಯುತ್ತದೆ ಎಂದು ಲೆಕ್ಕ. ಇಂಗ್ಲಿಷ್ ಅಕ್ಷರಕ್ಕಾದರೆ ಅಷ್ಟು ಧಾರಾಳವಾಗಿ ಸಾಕು. ಕನ್ನಡದಲ್ಲಿ ಅದೇ 16 ಚೌಕದೊಳಗೆ ಮೇಲೆ ತಲೆಕಟ್ಟು ಕೂರಬೇಕು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ‘ಮಲ್ಲೇಶ್ವರ’ ಎಂದು ಬರೆಯಲು ಹೊರಟರೆ ಎರಡು ಒತ್ತು, ಜೊತೆಗೆ ಏತ್ವದ ದೀರ್ಘ. ‘ಸ್ತ್ರೀ’ ಎಂದರೆ ಒಂದೇ ಅಕ್ಷರಕ್ಕೆ ಎರಡು ಒತ್ತು. ‘ವರ್ಷ’ ಎಂದರೆ ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಷಕಾರದ ಬಲಕ್ಕೆ ಹೋಗಿ ಅರ್ಕಾವತ್ತಾಗಿ ಕೂರುತ್ತದೆ. ಒತ್ತಿಗೆ ಜಾಗ ಬಿಟ್ಟರೆ ಮೈ ಕುಗ್ಗಿ ದೂರದಿಂದ ಓದಲಾಗುವುದಿಲ್ಲ. ಮೈ ಹಿಗ್ಗಿಸಿದರೆ ಒತ್ತು ಬೋರ್ಡಿನಿಂದ ಕೆಳಗೆ ಬೀಳುತ್ತದೆ.

ಅವಳು ಒಂದು ಹಾಳೆ ಎಳೆದು ಐದು ಅಕ್ಷರ ತೋರಿಸಿದಳು. ರ, ಠ, ದ, ಧ, ಥ. ಎಲ್ಲ ಒಂದೇ ಮನೆತನದವು. ದುಂಡನೆಯ ರಕಾರದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ಠ. ದಕಾರಕ್ಕೆ ಕೆಳಗೊಂದು ಸೀಳು ಕೊಟ್ಟರೆ ಧ. ಸೀಳಿನ ಜೊತೆ ಚುಕ್ಕಿಯೂ ಬಂದರೆ ಥ. ಕಾಗದದ ಮೇಲೆ ಇದು ಸಲೀಸು. ಗ್ರಾಫ್ ಹಾಳೆಯಲ್ಲಿ ಆ ಸೀಳಿಗೆ ಸಿಗುವುದು ಒಂದೇ ಒಂದು ಚೌಕ.

“ನೋಡ್ರಿ ಸರ, ಈ ಒಂದು ದೀಪ ಆರಿತು ಅಂದ್ರ ಮುಗೀತು. ಧಾರವಾಡ ಹೋಗಿ ದಾರವಾಡ ಆಗ್ತದ” ಎಂದು ಆ ಚೌಕದ ಮೇಲೆ ಪೆನ್ಸಿಲ್ ಊರಿದಳು. “ಬಸ್ ಸ್ಟ್ಯಾಂಡಿನಾಗ ಕನ್ನಡಕ ಇಲ್ಲದ ಅಜ್ಜಾರು ಒಬ್ರು ನಿಂತಿರ್ತಾರ. ನಾ ಅವರಿಗೆ ಬರೀಬೇಕ್ರಿ.”

ಸೀಳನ್ನು ಎರಡು ಚೌಕಕ್ಕೆ ಎಳೆದು, ಅದಕ್ಕಾಗಿ ಅಕ್ಷರದ ಹೊಟ್ಟೆಯನ್ನೇ ಸ್ವಲ್ಪ ಮೇಲಕ್ಕೆ ಸರಿಸಿ, ಮೇಲೆ ಸರಿದದ್ದಕ್ಕೆ ತಲೆಕಟ್ಟನ್ನು ಚಪ್ಪಟೆ ಮಾಡಿ, ಚಪ್ಪಟೆಯಾದ ತಲೆಕಟ್ಟು ಉಳಿದೆಲ್ಲ ಅಕ್ಷರಗಳಿಗೂ ಹೊಂದುತ್ತದೆಯೇ ಎಂದು ಮತ್ತೆ ಮೊದಲಿನಿಂದ ಬರೆದು ನೋಡಿದ ಹಾಳೆಗಳೇ ಒಂದು ಕಟ್ಟು ಇದ್ದವು. ಬರೆದದ್ದನ್ನು ಗೋಡೆಗೆ ಅಂಟಿಸಿ ಹಿಂದೆ ಹಿಂದೆ ನಡೆಯುತ್ತ, ಯಾವ ಹೆಜ್ಜೆಯಲ್ಲಿ ಧಕಾರ ದಕಾರವಾಗುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾಳೆ. ಎಂ.ಡೆಸ್. ಓದು ಎಂದರೆ ಬಹುಮಟ್ಟಿಗೆ ಇದೇ. ಪರೀಕ್ಷೆಗಿಂತ ಸ್ಟುಡಿಯೋ ಮುಖ್ಯ. ಮೇಷ್ಟ್ರುಗಳ ಜೊತೆ ಹೊರಗಿನವರೂ ಕೂತು ಕೆಲಸವನ್ನು ಬಿಡಿಸಿ ಪ್ರಶ್ನಿಸುವ ‘ಜ್ಯೂರಿ’ ಇರುತ್ತದೆ. ಮಾಡಿದ್ದನ್ನು ಅಲ್ಲಿ ಸಮರ್ಥಿಸಿಕೊಳ್ಳಬೇಕು, ಇಲ್ಲವೇ ಮತ್ತೆ ಮಾಡಬೇಕು.

ಈ ಓದು ನಮ್ಮ ದೇಶಕ್ಕೆ ಬಂದ ಕತೆ 1958ರಷ್ಟು ಹಿಂದಿನದು. ಭಾರತ ಸರ್ಕಾರದ ಆಹ್ವಾನದ ಮೇಲೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ದೇಶ ಸುತ್ತಿ ‘ಇಂಡಿಯಾ ರಿಪೋರ್ಟ್’ ಎಂಬ ಪುಟ್ಟ ವರದಿ ಬರೆದರು. ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ಮನೆಮನೆಯ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ತೊಳೆಯುವುದು ಹೇಗೆ, ಬೆಲೆ ಎಷ್ಟು ಎಂಬ ಪ್ರಶ್ನೆಗಳೆಲ್ಲ ತಲೆಮಾರುಗಳ ಬಳಕೆಯಲ್ಲಿ ಇತ್ಯರ್ಥವಾಗಿ ಆ ರೂಪ ಮೂಡಿದೆ ಎಂಬುದು ಅವರ ವಿವರಣೆಯ ಸಾರ. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಹುಟ್ಟಿತು. ಗೌತಮ್ ಸಾರಾಭಾಯಿ, ಗೀರಾ ಸಾರಾಭಾಯಿ ಅದನ್ನು ಕಟ್ಟಿ ನಿಲ್ಲಿಸಿದರು. 1969ರಲ್ಲಿ ಪವಾಯಿಯಲ್ಲಿ ಐಡಿಸಿ ಶುರುವಾಯಿತು. ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಯಲ್ಲಿ ಓದಿ ಬಂದಿದ್ದ ಸುಧಾಕರ ನಾಡಕರ್ಣಿ ಅದಕ್ಕೆ ಅಡಿಪಾಯ ಹಾಕಿದವರು. ಮುಂದೆ ಗುವಾಹಟಿ ಐಐಟಿಯಲ್ಲೂ ವಿನ್ಯಾಸ ವಿಭಾಗ ಕಟ್ಟಿದರು.

ಐಡಿಸಿಯ ಇನ್ನೊಂದು ಕೆಲಸವನ್ನು ನೀವು ಬೆರಳಿನಿಂದ ಮುಟ್ಟಿದ್ದೀರಿ. ಮತಯಂತ್ರಕ್ಕೆ ಅದರ ಆಕಾರ ಕೊಟ್ಟವರು ಅಲ್ಲಿನ ಅಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಅದನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಒಂದು ಘಟಕದಲ್ಲಿ 16 ಹೆಸರು, ಪ್ರತಿ ಹೆಸರಿನ ಪಕ್ಕ ಚಿಹ್ನೆ, ಅದರ ಪಕ್ಕ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು. ಓದು ಬಾರದವರೂ, ಯಂತ್ರವನ್ನೇ ಮುಟ್ಟಿ ಗೊತ್ತಿಲ್ಲದವರೂ ಒಬ್ಬರನ್ನೂ ಕೇಳದೆ ಒಳಗೆ ಹೋಗಿ ಮತ ಹಾಕಿ ಬರುತ್ತಾರೆ. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟಿಲ್ಲದ ಹಾಡಿಯ ಶಾಲೆಯಲ್ಲೂ ಕೆಲಸ ಮಾಡುತ್ತದೆ. 2004ರ ಲೋಕಸಭಾ ಚುನಾವಣೆಯಲ್ಲಿ 543 ಕ್ಷೇತ್ರಗಳಲ್ಲೂ ಇದೇ ಯಂತ್ರ ಬಳಕೆಯಾಯಿತು. ಬಳಸುವವರು ಬಳಕೆಯ ವಿಧಾನವನ್ನು ಯೋಚಿಸಬೇಕಾಗಿ ಬರಲೇ ಇಲ್ಲ ಎಂಬುದೇ ಆ ವಿನ್ಯಾಸದ ದೊಡ್ಡತನ.

ಇಂದು ಎಂ.ಡೆಸ್.ನಲ್ಲಿ ಕವಲುಗಳು ಬಹಳ. ಐಡಿಸಿಯಲ್ಲಿ ವಸ್ತುಗಳ ವಿನ್ಯಾಸದಿಂದ ಶುರುವಾದ ಓದು ಈಗ ಸಂವಹನ, ಅನಿಮೇಶನ್, ಇಂಟರ್‌ಆ್ಯಕ್ಷನ್ ಡಿಸೈನ್, ವಾಹನ ವಿನ್ಯಾಸ ಎಂದು ಹರಡಿದೆ. ಅಕ್ಷರದ ಕೆಲಸ ಬರುವುದು ಸಂವಹನದ ಕೆಳಗೆ. ಎನ್‌ಐಡಿಯ ಅಹಮದಾಬಾದ್ ಕ್ಯಾಂಪಸ್ಸಿನಲ್ಲಿ ಜವಳಿ, ಪಿಂಗಾಣಿ ಮತ್ತು ಗಾಜು, ಪೀಠೋಪಕರಣ, ಗ್ರಾಫಿಕ್, ಸಿನಿಮಾ ಮುಂತಾದ ಹಳೆಯ ಗಟ್ಟಿ ಶಾಖೆಗಳಿವೆ. ಗಾಂಧಿನಗರದಲ್ಲಿ ಆಟಿಕೆ ವಿನ್ಯಾಸಕ್ಕೇ ಒಂದು ಪದವಿ ಇದೆ. ಚನ್ನಪಟ್ಟಣದ ನಾಡಿನವರಾದ ನಾವು ಇದನ್ನು ಗಮನಿಸಬೇಕು.

ಎನ್‌ಐಡಿಯ ಇನ್ನೊಂದು ಕ್ಯಾಂಪಸ್ ಬೆಂಗಳೂರಿನಲ್ಲೇ ಇದೆ ಎಂಬುದು ಬೆಂಗಳೂರಿನವರಿಗೇ ಗೊತ್ತಿರುವುದು ಕಡಿಮೆ. ತುಮಕೂರು ರಸ್ತೆಯಿಂದ ಒಳಗೆ, ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ, 2006ರಿಂದ. ಒಂದು ಕಾಲಕ್ಕೆ ಇಡೀ ದೇಶದ ಮಣಿಕಟ್ಟಿಗೆ ಗಡಿಯಾರ ಕಟ್ಟಿದ ಎಚ್‌ಎಂಟಿಯ ಹೆಸರು ಹೊತ್ತ ರಸ್ತೆಯಲ್ಲಿ ವಿನ್ಯಾಸ ಶಾಲೆ ಇರುವುದು ನನಗೆ ಸಮಾಧಾನ ಕೊಡುವ ಸಂಗತಿ. ಇಲ್ಲಿನ ಐದು ಶಾಖೆಗಳಲ್ಲಿ ಡಿಜಿಟಲ್ ಗೇಮ್, ಇಂಟರ್‌ಆ್ಯಕ್ಷನ್, ರಿಟೇಲ್ ಇವುಗಳಿಗೆ ಐ.ಟಿ. ನಗರದಲ್ಲಿ ಬೇಡಿಕೆ ಸಹಜ. ನನ್ನ ಮನಸ್ಸು ನಿಂತದ್ದು ಉಳಿದೆರಡರ ಮೇಲೆ. ಇನ್ಫರ್ಮೇಶನ್ ಡಿಸೈನ್ ಓದಿದವರು ನಕ್ಷೆ, ವೇಳಾಪಟ್ಟಿ, ಅರ್ಜಿ ನಮೂನೆಗಳನ್ನು ತಿದ್ದುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತುಂಬಲಾಗದೆ ಹೊರಗೆ ಮರದಡಿ ಕೂತ ಬರಹಗಾರನಿಗೆ ದುಡ್ಡು ಕೊಡುವ ರೈತನನ್ನು ನೋಡಿದವರಿಗೆ ಈ ಓದಿನ ಬೆಲೆ ಏನೆಂದು ಹೇಳಬೇಕಾಗಿಲ್ಲ. ಯೂನಿವರ್ಸಲ್ ಡಿಸೈನ್ ಓದಿದವರು ಮುದುಕರು, ಮಕ್ಕಳು, ಅಂಗವಿಕಲರು ಎಲ್ಲರೂ ಬಳಸಬಲ್ಲಂತೆ ವಸ್ತು, ಕಟ್ಟಡ, ಸೇವೆಗಳನ್ನು ರೂಪಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಂ.ಡೆಸ್. ಇದೆ, ಅದು ಇಂಜಿನಿಯರಿಂಗ್, ಆರ್ಕಿಟೆಕ್ಚರ್‌ನಂಥ ಪದವಿ ಇರುವವರಿಗೆ.

ಐಐಟಿಗಳ ಮಟ್ಟಿಗೆ ಪರೀಕ್ಷೆಯ ಬಾಗಿಲು ಇನ್ನೂ ಅಗಲವಾದದ್ದು. ಅಲ್ಲಿಗೆ ಹೋಗಲು ಬರೆಯಬೇಕಾದ ಪರೀಕ್ಷೆಯ ಹೆಸರು ಸೀಡ್. ಐಐಟಿ ಬಾಂಬೆ ನಡೆಸುವ ಈ ಪರೀಕ್ಷೆಯನ್ನು ಪಿಯುಸಿ ನಂತರ ಕನಿಷ್ಠ ಮೂರು ವರ್ಷದ ಯಾವುದೇ ಪದವಿ ಮುಗಿಸಿದವರು ಬರೆಯಬಹುದು. ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಕೂರಬಹುದು. ಮೊದಲ ಭಾಗ ಕಂಪ್ಯೂಟರಿನಲ್ಲಿ, ಎರಡನೆಯದು ಪೆನ್ಸಿಲ್ ಹಿಡಿದು ಕಾಗದದ ಮೇಲೆ. ಸೊಗಸಾಗಿ ಚಿತ್ರ ಬರೆಯುವುದಕ್ಕಿಂತ ಕಣ್ಣಿಗೆ ಬಿದ್ದದ್ದನ್ನು ಗಮನಿಸುವುದು, ತೊಡಕನ್ನು ಬಿಡಿಸುವ ಯೋಚನೆಯನ್ನು ಗೆರೆಯಲ್ಲಿ ಹೇಳುವುದು ಮುಖ್ಯ. ಹೀಗೆ ಬೇರೆ ಓದಿನಿಂದ ಬಂದವರಲ್ಲಿ ಡಿ. ಉದಯಕುಮಾರ್ ಒಬ್ಬರು. ಅವರು ಮೊದಲು ಓದಿದ್ದು ಆರ್ಕಿಟೆಕ್ಚರ್. ಆಮೇಲೆ ಐಡಿಸಿಗೆ ಬಂದು ವಿಷುಯಲ್ ಕಮ್ಯುನಿಕೇಶನ್ ಓದಿ ತಮಿಳು ಅಕ್ಷರಗಳ ಬಗ್ಗೆ ಪಿಎಚ್‌.ಡಿ. ಮಾಡಿದರು. ಅವರು ಬರೆದ ರೂಪಾಯಿ ಚಿಹ್ನೆಯನ್ನು 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿತು. ಇಂದು ಅದು ನಮ್ಮೆಲ್ಲರ ಜೇಬಿನಲ್ಲಿದೆ.

ಇಷ್ಟು ಅಗಲವಾದ ಬಾಗಿಲಿನ ಮುಂದೆ ನಮ್ಮ ಹುಡುಗರು ಏಕೆ ಕಡಿಮೆ? ಒಂದು, ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ. ಎರಡು, ತರಬೇತಿ ಕೇಂದ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಎಲ್ಲಕ್ಕಿಂತ ದೊಡ್ಡದು, ಹೇಳುವವರಿಲ್ಲ. ಕೊಪ್ಪಳದ, ಚಾಮರಾಜನಗರದ ಪದವಿ ಕಾಲೇಜಿನಲ್ಲಿ ಎಂ.ಎ., ಬಿ.ಎಡ್., ಕೆಎಎಸ್ ಎಂಬ ಮಾತು ಬರುತ್ತದೆಯೇ ಹೊರತು ಎಂ.ಡೆಸ್. ಎಂಬ ಮಾತು ಬರುವುದಿಲ್ಲ. ಕಿನ್ನಾಳದ ಬೊಂಬೆ ಮಾಡುವವರ ಮಗಳಿಗೆ, ಇಳಕಲ್ಲಿನ ನೇಕಾರರ ಮಗನಿಗೆ, ಊರೂರಿನ ಬೋರ್ಡ್ ಪೇಂಟರ್ ಮಕ್ಕಳಿಗೆ ಕೈ, ಕಣ್ಣು ಎರಡೂ ಮನೆಯಲ್ಲೇ ಪಳಗಿರುತ್ತವೆ. ಇಂಥ ಓದೊಂದಿದೆ ಎಂದು ಅವರಿಗೆ ಮುಟ್ಟಿಸುವವರು ಯಾರೂ ಇಲ್ಲ.

ಬೋರ್ಡ್ ಪೇಂಟರ್ ಎಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹುಬ್ಬಳ್ಳಿ, ದಾವಣಗೆರೆ, ಮೈಸೂರುಗಳ ಪೇಟೆಬೀದಿಗಳಲ್ಲಿ ಒಬ್ಬೊಬ್ಬರ ಕನ್ನಡ ಒಂದೊಂದು ಥರ ಇತ್ತು. ಒಬ್ಬರ ತಲೆಕಟ್ಟು ಬಾಗಿದರೆ ಇನ್ನೊಬ್ಬರದು ನೆಟ್ಟಗೆ. ಒತ್ತಿಗೆ ಜಾಗ ಸಾಲದಿದ್ದರೆ ಪಕ್ಕದ ಅಕ್ಷರದ ಮಗ್ಗುಲಿಗೆ ಜಾಣತನದಿಂದ ಸರಿಸಿ ಕೂರಿಸುತ್ತಿದ್ದರು. ಆ ಧಾರವಾಡದ ಹುಡುಗಿ ಗ್ರಾಫ್ ಹಾಳೆಯ ಮೇಲೆ ಬಿಡಿಸುತ್ತಿರುವ ಲೆಕ್ಕವನ್ನು ಅವರು ಏಣಿಯ ಮೇಲೆ ನಿಂತು ಬ್ರಷ್‌ನಲ್ಲಿ ಬಿಡಿಸುತ್ತಿದ್ದರು. ಫ್ಲೆಕ್ಸ್ ಬಂದು ಆ ಕೈಗಳಿಗೆ ಕೆಲಸ ತಪ್ಪಿತು. ಅವರ ಅಕ್ಷರಗಳನ್ನು ಫೋಟೋ ಹಿಡಿದು, ಅಳೆದು, ಕಂಪ್ಯೂಟರಿಗೆ ತರುವ ಕೆಲಸ ಮುಗಿಯಬೇಕಾದರೆ ಆ ಹಿರಿಯರು ಬದುಕಿರುವಾಗಲೇ ಆಗಬೇಕು. ಐಡಿಸಿ 2008ರಿಂದ ಟೈಪೋಗ್ರಫಿ ಡೇ ನಡೆಸುತ್ತ ಬಂದಿದೆ. ಮುಂಬೈನ ಏಕ್ ಟೈಪ್ ಸಂಸ್ಥೆ ಕನ್ನಡಕ್ಕೆ ‘ಬಾಲೂ ತಮ್ಮ’ ಎಂಬ ಮುದ್ದಾದ ಅಕ್ಷರವನ್ನು ಉಚಿತವಾಗಿ ಕೊಟ್ಟಿದೆ. ಈ ಕೆಲಸಗಳಿಗೆ ಮುಂದಾದ ಸಂಸ್ಥೆಗಳು ಕರ್ನಾಟಕದ ಹೊರಗಿನವು. ಕೃತಜ್ಞತೆ ಇರಲಿ, ಜೊತೆಗೆ ಸ್ವಲ್ಪ ಸಂಕೋಚವೂ ಇರಲಿ.

ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮತ್ತು ಲಲಿತಕಲಾ ಕಾಲೇಜುಗಳು ಕೂಡಿ ಕನ್ನಡ ಅಕ್ಷರ ವಿನ್ಯಾಸಕ್ಕೆ ಒಂದು ಪುಟ್ಟ ಸ್ನಾತಕೋತ್ತರ ಕೋರ್ಸ್ ತೆರೆಯಲಿ. ಕಲಿಸಲು ಏಣಿಯಿಂದ ಇಳಿದ ಆ ಪೇಂಟರ್‌ಗಳನ್ನೇ ಕರೆಯಲಿ. ಅದಾಗುವವರೆಗೆ ಓದುಗರಲ್ಲಿ ಒಂದು ಕೋರಿಕೆ. ಸೀಡ್ ಪರೀಕ್ಷೆ ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ, ಅರ್ಜಿ ಹಾಕುವ ಅವಧಿ ಅದಕ್ಕೂ ಕೆಲವು ತಿಂಗಳು ಮೊದಲೇ ಮುಗಿಯುತ್ತದೆ. ಪದವಿಯ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ನೋಟ್‌ಬುಕ್ಕಿನ ಅಂಚಿನಲ್ಲಿ ಸದಾ ಏನಾದರೂ ಗೀಚುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಈ ವಾರವೇ ಅವರಿಗೆ ತಿಳಿಸಿ.