ಪೊಲೀಸರ ಮೇಲೆ ದೂರು: ಜನರ ನಂಬಿಕೆ ಬೇರೆ, ಕಾನೂನು ಬೇರೆ

"ಪೊಲೀಸರ ಮ್ಯಾಲೆ ಕೇಸ್ ಹಾಕಿ ಯಾರು ಗೆದ್ದಾರ?" ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಕಡೆ ಠಾಣೆಯಲ್ಲಿ ಏಟು ತಿಂದು ಬಂದವನಿಗೆ ಮನೆಯವರೇ ಹೇಳುವ ಮಾತಿದು. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ನಡೆದು ಇಬ್ಬರು ಜೀವ ಕಳೆದುಕೊಂಡರು. ಅಂಥ ಜಿಲ್ಲೆಯಲ್ಲಿ ಈ ಅಂಜಿಕೆ ಸಹಜವೇ. ಆದರೆ ಅಂಜಿಕೆಗಿಂತ ತಪ್ಪು ತಿಳಿವಳಿಕೆಯಿಂದಲೇ ಹೆಚ್ಚು ಜನ ನ್ಯಾಯ ಕಳೆದುಕೊಳ್ಳುತ್ತಾರೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ದಾರಿ ಮುಗಿಯಿತು ಎಂಬುದು ಮೊದಲ ತಪ್ಪು. ದೂರನ್ನು ಬರೆದು ಹಾವೇರಿಯ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. 2012ರ ತಿದ್ದುಪಡಿ ಕಾಯ್ದೆಯ ಪ್ರಕಾರ ರಾಜ್ಯ ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ಆಯೋಗವೇ ಪೊಲೀಸರನ್ನು ಕೆಲಸದಿಂದ ತೆಗೆದುಹಾಕುತ್ತದೆ ಎಂದು ನಂಬಬೇಡಿ. ಅದು ಮಾಡುವುದು ಶಿಫಾರಸು ಮಾತ್ರ.

ಸರ್ಕಾರದ ಅನುಮತಿ ಇಲ್ಲದೆ ದಾವೆ ಹೂಡಲಾಗದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ, ಅತಿರೇಕವಾಗಿದ್ದರೂ, ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅನುಮತಿ ಕೇಳುತ್ತದೆ. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಮಾತ್ರ ಈ ರಕ್ಷಣೆ ಇಲ್ಲ ಎಂದೂ ಹೇಳಿತು.

ಆದರೆ ಪರಿಹಾರಕ್ಕೆ ಇನ್ನೊಂದು ಬಾಗಿಲಿದೆ. ಒಡಿಶಾದಲ್ಲಿ 1987ರ ಡಿಸೆಂಬರಿನಲ್ಲಿ ಪೊಲೀಸರು ಹಿಡಿದೊಯ್ದ ಯುವಕನ ಶವ ಮರುದಿನ ರೈಲು ಹಳಿಯ ಬಳಿ ಸಿಕ್ಕಿತು. ತಾಯಿ ನೀಲಾಬತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೂಲಭೂತ ಹಕ್ಕು ಉಲ್ಲಂಘನೆಯಾದಾಗ ಸರ್ಕಾರ ಸಾರ್ವಭೌಮತ್ವದ ನೆಪ ಹೇಳಿ ನುಣುಚಿಕೊಳ್ಳುವಂತಿಲ್ಲ ಎಂದು ಆ ತೀರ್ಪು ಖಚಿತಪಡಿಸಿತು. ನಮ್ಮ ಭಾಗದವರು ಇಂಥ ರಿಟ್ ಅರ್ಜಿಯನ್ನು ಧಾರವಾಡದ ಹೈಕೋರ್ಟ್ ಪೀಠದಲ್ಲೇ ಹಾಕಬಹುದು.

"ನಿಧಾನಕ್ಕೆ ನೋಡೋಣ" ಎನ್ನುವುದು ಎಲ್ಲಕ್ಕಿಂತ ದುಬಾರಿ ತಪ್ಪು. 170ನೇ ಕಲಮಿನಡಿ ಬರುವ ದಾವೆಗೆ ಒಂದು ವರ್ಷದ ಗಡುವು. ಅದಕ್ಕೂ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು. ಮಾನವ ಹಕ್ಕುಗಳ ಆಯೋಗವೂ ವರ್ಷ ಮೀರಿದ ದೂರನ್ನು ವಿಚಾರಿಸುವುದಿಲ್ಲ. ಗಾಯವಾಗಿದ್ದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದವರು ಯಾರೆಂದು ವೈದ್ಯರಿಗೆ ಹೇಳಿ ಗಾಯದ ವೈದ್ಯಕೀಯ-ಕಾನೂನು ದಾಖಲೆಯಾದ ಎಂಎಲ್‌ಸಿ ಬರೆಸಿ. "ಬಿದ್ದೆ" ಎಂದು ಬರೆಸಿಬಿಟ್ಟರೆ ಮುಂದೆ ಅದೇ ಮುಳುವಾಗುತ್ತದೆ. ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ, ಉಳಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆ ದೃಶ್ಯ ಕಾಯ್ದಿಡುವಂತೆ ಕೂಡಲೇ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.