ಬೆಳಕು ತಗ್ಗಿಸಿದರೂ ತಲೆನೋವೇಕೆ?

ಪ್ರಶ್ನೆ: ರಾತ್ರಿ ಮಾನಿಟರಿನ ಬ್ರೈಟ್‌ನೆಸ್ ತೀರಾ ಕಡಿಮೆ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ. ಆದರೂ ಹಗಲಿಗಿಂತ ಹೆಚ್ಚು ಕಣ್ಣುನೋವು, ತಲೆನೋವು. ಯಾಕೆ ಹೀಗೆ?

ಉತ್ತರ: ಆ ಕಡಿಮೆ ಮಾಡುವ ವಿಧಾನದ ಮೇಲೇ ಅನುಮಾನಪಡಬಹುದು. ಪರದೆಯ ಹಿಂದಿನ ಎಲ್‌ಇಡಿ ದೀಪಗಳನ್ನು ಹಲವು ಮಾನಿಟರುಗಳು ನಿಜವಾಗಿ ಮಂದ ಮಾಡುವುದೇ ಇಲ್ಲ. ಸೆಕೆಂಡಿಗೆ 200 ಸಲವೋ ಇನ್ನೂ ಹೆಚ್ಚೋ ಆರಿಸಿ ಹೊತ್ತಿಸುತ್ತವೆ. ಬ್ರೈಟ್‌ನೆಸ್ ಇಳಿಸಿದಷ್ಟೂ ದೀಪ ಆರಿರುವ ಹೊತ್ತು ಹೆಚ್ಚು. ಹಳೆಯ ಎಲ್‌ಸಿಡಿಗಳಲ್ಲಿದ್ದ ಟ್ಯೂಬ್‌ಲೈಟ್ ಜಾತಿಯ ದೀಪಗಳಲ್ಲೂ ಈ ಆಟವಿತ್ತು. ಆದರೆ ಅವುಗಳ ಒಳಲೇಪ, ಕರೆಂಟು ನಿಂತ ಮೇಲೂ ಕ್ಷಣಕಾಲ ಬೆಳಗುತ್ತಿತ್ತು. ಎಲ್‌ಇಡಿಗೆ ಆ ದಾಕ್ಷಿಣ್ಯವಿಲ್ಲ, ತಟ್ಟನೆ ಆರುತ್ತದೆ.

ಇಷ್ಟು ವೇಗದ ಮಿನುಗು ನೇರವಾಗಿ ಕಾಣದು. ಎಲ್ಲರನ್ನೂ ಕಾಡುವುದೂ ಇಲ್ಲ. ಕೆಲವರಿಗೆ ಮಾತ್ರ ತಲೆನೋವು ತರುತ್ತದೆ. ಪರೀಕ್ಷೆ ಸುಲಭ: ಕೋಣೆ ಕತ್ತಲು ಮಾಡಿ, ಬ್ರೈಟ್‌ನೆಸ್ ತಗ್ಗಿಸಿ, ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬಿರುಸಾಗಿ ಬೀಸಿ. ಬಿಡಿಬಿಡಿ ಪೆನ್ಸಿಲುಗಳು ಕಂಡರೆ ಮಿನುಗಿದೆ. ಒಂದೇ ಮಸುಕು ಪಟ್ಟಿ ಕಂಡರೆ ಬಹುಶಃ ಇಲ್ಲ.

ಇದ್ದರೆ ಬ್ರೈಟ್‌ನೆಸ್ ಏರಿಸಿ, ಕೋಣೆಯ ದೀಪವನ್ನೂ ಹಾಕಿಕೊಳ್ಳಿ. ಹೊಸದು ಕೊಳ್ಳುವಾಗ ‘ಫ್ಲಿಕರ್ ಫ್ರೀ’ ಮಾನಿಟರ್ ಕೇಳಿ, ಅಂಗಡಿಯಲ್ಲೂ ಪೆನ್ಸಿಲ್ ಬೀಸಿ ನೋಡಿ, ನಗುವವರು ನಗಲಿ. ಮಿನುಗು ಕಾಣದಿದ್ದರೆ ಕನ್ನಡಕದ ನಂಬರ್ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.