ಬ್ರದರ್‌ಗೂ ಸಾಕಾಗುತ್ತದೆ

ನಮ್ಮ ಠಾಣಾ ಕುಶನೂರಿನ ಕಡೆ ಪಿಯುಸಿ ವಿಜ್ಞಾನ ಮುಗಿಸಿದ ಹುಡುಗ–ಹುಡುಗಿಯರಿಗೆ ಹಿರಿಯರು ಕೊಡುವ ಸಲಹೆ ಹೆಚ್ಚೂಕಡಿಮೆ ಒಂದೇ: ‘ನರ್ಸಿಂಗ್ ಮಾಡ್, ಖಾಲಿ ಕೂಡಲ್ಲ.’ ಮಾತು ಸುಳ್ಳಲ್ಲ. ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಮುಗಿಸಿದವರು ಬೀದರ್, ಉದಗೀರ, ಲಾತೂರ, ಹೈದರಾಬಾದ್ ಎಂದು ಎಲ್ಲಾದರೂ ಡ್ಯೂಟಿ ಹಿಡಿಯುತ್ತಾರೆ. ಕೆಲಸ ಸಿಕ್ಕ ಎರಡು–ಮೂರು ವರ್ಷಕ್ಕೆ ಒಳಗೊಳಗೇ ಏನಾಗುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿದ್ದ ನಾನು ಮೂರನೇ ವರ್ಷಕ್ಕೆ ಬ್ಯಾಗ್ ತುಂಬಿಕೊಂಡು ಊರಿಗೆ ಬಂದೆ. ಕೇಳಿದವರಿಗೆಲ್ಲ ‘ರಜಾ ಮ್ಯಾಲ ಬಂದೀನಿ’ ಅನ್ನುತ್ತಿದ್ದೆ. ಗಂಡುಮಗ ಇದ್ದ ಕೆಲಸ ಬಿಟ್ಟು ಬಂದ ಎಂದರೆ ನಮ್ಮಲ್ಲಿ ಅದಕ್ಕೆ ನೂರೆಂಟು ಅರ್ಥ. ಅಪ್ಪ ಸೋಯಾ ರಾಶಿಯ ದುಡ್ಡಿನಲ್ಲಿ ನನ್ನ ಫೀಸು ಕಟ್ಟಿದ್ದರು.

ನಾನಿದ್ದದ್ದು ಖಾಸಗಿ ಆಸ್ಪತ್ರೆಯೊಂದರ ಮೂವತ್ತು ಹಾಸಿಗೆಯ ಜನರಲ್ ವಾರ್ಡ್. ರಾತ್ರಿ ಇಬ್ಬರೇ ನರ್ಸ್‌ಗಳು, ಹನ್ನೆರಡು ತಾಸಿನ ಡ್ಯೂಟಿ, ವಾರಕ್ಕೆ ಆರು ರಾತ್ರಿ. ಬೀದರ್ ಕಡೆಯವನಾದ್ದರಿಂದ ನನ್ನ ಕೊರಳಿಗೆ ಇನ್ನೊಂದು ಕೆಲಸವೂ ಬಿದ್ದಿತ್ತು. ಕನ್ನಡ, ಮರಾಠಿ, ಉರ್ದು, ಅಷ್ಟಿಷ್ಟು ತೆಲುಗು ನಮಗೆ ಮನೆಯ ಅಂಗಳದಲ್ಲೇ ಬಂದಿರುತ್ತವೆ. ಹಾಗಾಗಿ ಬೇರೆ ವಾರ್ಡಿನಲ್ಲಿ ಯಾರಿಗೋ ಮರಾಠಿ ಮಾತ್ರ ಬರುತ್ತದೆಂದರೆ ‘ಆ ಬೀದರ್ ಬ್ರದರ್‌ನ ಕರೀರಿ’ ಎನ್ನುತ್ತಿದ್ದರು. ಈ ದುಭಾಷಿ ಕೆಲಸ ಯಾವ ರೋಸ್ಟರ್‌ನಲ್ಲೂ ಬರೆದಿರುವುದಿಲ್ಲ.

ದಣಿವು ಮೊದಲೂ ಇತ್ತು. ಆದರೆ ಅದು ಮಲಗಿದರೆ ಹೋಗುವಂಥದ್ದು. ಆಮೇಲೆ ಬಂದದ್ದು ಬೇರೆ. ಎಂಟು ತಾಸು ಮಲಗಿದರೂ ಎದ್ದಾಗ ಮೈ ಮೂಟೆಯಂತೆ. ರೋಗಿಗಳ ಹೆಸರು ಬಾಯಿಗೆ ಬರುವುದು ನಿಂತು ‘ಹನ್ನೊಂದನೇ ಬೆಡ್’, ‘ಇಪ್ಪತ್ತರ ಶುಗರ್’ ಎಂದಷ್ಟೇ ಆಯಿತು. ಸಂಬಂಧಿಕರು ಅಳುತ್ತಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಫಾರಂ ತುಂಬುವುದು ಯಾವಾಗ ಮುಗಿಯುತ್ತದೋ ಎಂದು ನೋಡುತ್ತಿದ್ದೆ. ನಾನಿದ್ದರೂ ಇಲ್ಲದಿದ್ದರೂ ಈ ವಾರ್ಡಿಗೆ ವ್ಯತ್ಯಾಸವಿಲ್ಲ ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಇವೇ ಮೂರನ್ನು ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ನ ಲಕ್ಷಣಗಳೆಂದು ಹೇಳಿದೆ ಎಂದು ನನಗೆ ಗೊತ್ತಾದದ್ದು ತಡವಾಗಿ. ಶಕ್ತಿಯೇ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಲಾಗುವುದಿಲ್ಲ ಎನ್ನಿಸುವುದು. 2019ರಲ್ಲಿ ಸಂಸ್ಥೆ ಇದನ್ನು ತನ್ನ ರೋಗಗಳ ವರ್ಗೀಕರಣದಲ್ಲಿ (ಐಸಿಡಿ–11) ವಿವರಿಸಿತು. ಆದರೆ ರೋಗ ಎಂದಲ್ಲ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು. ಹುಟ್ಟುವ ಜಾಗ ಕೆಲಸ ಎಂಬುದನ್ನು ಗಮನಿಸಿ. 1974ರಲ್ಲಿ ಈ ಪದವನ್ನು ವೈದ್ಯಕೀಯ ಬರಹಕ್ಕೆ ತಂದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅದನ್ನು ಕಂಡದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದ ಸಿಬ್ಬಂದಿಯಲ್ಲಿ, ಅದರಲ್ಲೂ ಮನಸಾರೆ ದುಡಿಯುತ್ತಿದ್ದವರಲ್ಲಿ. ‘ಸೇವಾ ಮನೋಭಾವ ಇದ್ದವರಿಗೆ ದಣಿವಾಗುವುದಿಲ್ಲ’ ಎಂದು ಸಮಾರಂಭಗಳಲ್ಲಿ ಹೇಳುವ ಮಾತು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಅಂದಹಾಗೆ, ಮೇ 12ರ ದಾದಿಯರ ದಿನಕ್ಕೆ ನಾವೆಲ್ಲ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತೇವೆ. ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದಲ್ಲಿ ಕಾಯಿಲೆ ಬಿದ್ದು, ಮರಳಿದ ಮೇಲೆ ವರ್ಷಗಟ್ಟಲೆ ಹೆಚ್ಚಾಗಿ ಕೋಣೆಯಲ್ಲೇ ಉಳಿದು, ಅಂಕಿಅಂಶ ಮತ್ತು ವರದಿಗಳ ಮೂಲಕ ಆಸ್ಪತ್ರೆಗಳನ್ನು ಬದಲಿಸಿದಳು ಎಂಬುದನ್ನು ಆ ದಿನ ಯಾರೂ ಹೇಳುವುದಿಲ್ಲ. ದೀಪಕ್ಕಿಂತ ಆ ಲೆಕ್ಕದ ಪುಸ್ತಕ ನಮಗೆ ಹೆಚ್ಚು ಬೇಕಿದೆ.

ನಮ್ಮ ಲೆಕ್ಕವನ್ನೇ ನೋಡಿ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ 3ಕ್ಕೊಬ್ಬ, ಐಸಿಯುನಲ್ಲಿ ಒಬ್ಬರಿಗೊಬ್ಬ. ನನ್ನ ಪಾಲಿಗೆ ಹದಿನೈದು ಜನ. ಯೋಗ, ಧ್ಯಾನ ಒಳ್ಳೆಯವೇ. ಆದರೆ ಮೂರು ಪಟ್ಟು ಹೊರೆಯನ್ನು ಪ್ರಾಣಾಯಾಮದಿಂದ ಇಳಿಸಲಾಗದು. ಸಂಬಳದ್ದೂ ಇದೇ ಕಥೆ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20 ಸಾವಿರ ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ನನ್ನ ಬ್ಯಾಚಿನ ಗೆಳೆಯರ ಪೇ ಸ್ಲಿಪ್ ನೋಡಿದರೆ ಆ ಶಿಫಾರಸು ಕಾಗದದಲ್ಲೇ ಉಳಿದಿದೆ ಅನ್ನಿಸುತ್ತದೆ.

ಊರಿಗೆ ಬಂದ ದಿನ ಏನಾಯಿತೆಂದು ಹೇಳಲು ಹೊರಟರೆ ಅವ್ವ, ‘ಮೊದಲ ಮಕ್ಕೋ, ಮಾತು ನಾಳಿಗಿ ಮಾಡಮು’ ಎಂದಳು. ಮೊದಲ ಹತ್ತು ದಿನ ಮಾಡಿದ್ದು ಅದೊಂದೇ. ನೈಟ್ ಡ್ಯೂಟಿ ಮಾಡಿದ ದೇಹಕ್ಕೆ ರಾತ್ರಿಯ ನಿದ್ದೆ ಮರಳಿ ಹಿಡಿಯಲು ಹಗಲಿನ ಬೆಳಕು ಬೇಕು. ಬೆಳಿಗ್ಗೆ ಹೊಲಕ್ಕೆ ನಡೆದು ಹೋಗುತ್ತಿದ್ದೆ, ಮಧ್ಯಾಹ್ನದ ನಂತರ ಚಹಾ ಬಿಟ್ಟೆ, ವಾರ್ಡಿನ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡಿದೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಿದ್ದೆ ಸರಿಯಾದ ಮೇಲೂ ಮನಸ್ಸು ಮಂಕಾಗಿಯೇ ಇದ್ದಾಗ 14416ಕ್ಕೆ ಕರೆ ಮಾಡಿದೆ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ–ಮಾನಸ್’ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬರ್ನ್‌ಔಟ್ ಮತ್ತು ಖಿನ್ನತೆ ಎರಡೂ ಒಂದೇ ಅಲ್ಲ, ಆದರೆ ಮೊದಲಿನದು ಎರಡನೆಯದಕ್ಕೆ ತಿರುಗಬಹುದು. ಬದುಕೇ ಬೇಡ ಎನ್ನಿಸಿದರೆ, ಕೆಲಸದಿಂದ ದೂರವಿದ್ದರೂ ಯಾವುದರಲ್ಲೂ ಖುಷಿ ಇಲ್ಲದಿದ್ದರೆ, ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಇಂಥ ರೋಗಿಗಳಿಗೆ ಇದೇ ಮಾತು ಹೇಳಿ ಕಳಿಸುವ ನಾವು ನಮ್ಮ ಸರದಿ ಬಂದಾಗ ನಾಚಿಕೊಳ್ಳುತ್ತೇವೆ.

ಹಳ್ಳಿಯಲ್ಲಿ ನರ್ಸ್‌ಗೆ ರಜೆ ಇರುವುದಿಲ್ಲ ಎನ್ನುವುದು ಇನ್ನೊಂದು ವಿಷಯ. ವಾರದೊಳಗೆ ಕಟ್ಟೆಗೆ ಜನ ಬರತೊಡಗಿದರು. ‘ತಮ್ಮಾ, ಬಿ.ಪಿ. ನೋಡೋ’, ‘ಡಾಕ್ಟರ್ ಸಾಬ್, ಒಂದು ಸಲೈನ್ ಹಚ್ಚರಿ, ಕೈಕಾಲ ಸತ್ತಾವ.’ ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ಸಲೈನ್ ಹಚ್ಚುವುದು ತಪ್ಪು ಎಂದು ಹೇಳಿ ಸಾಕಾಯಿತು. ಬಿ.ಪಿ. ಮಾತ್ರ ನೋಡುತ್ತಿದ್ದೆ. ಒಬ್ಬ ಅಜ್ಜಿ ಶುಗರ್ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳು. ಯಾಕೆಂದು ಕೂತು ಕೇಳಿದರೆ, ತಿಂಗಳ ಗುಳಿಗೆ ಎರಡು ತಿಂಗಳು ಬರಲಿ ಎಂಬ ಲೆಕ್ಕ. ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ ಎಂದು ತಿಳಿಸಿ, ಜೊತೆಗೆ ಹೋಗಿ ಕೊಡಿಸಿದೆ. ಅರ್ಧ ದಿನ ಹಿಡಿಯಿತು, ಬೇಸರ ಬರಲಿಲ್ಲ. ನನಗೆ ನರ್ಸಿಂಗ್ ಬೇಡವಾಗಿರಲಿಲ್ಲ. ಒಬ್ಬ ರೋಗಿಗೆ ಕೊಡಲು ಹತ್ತು ನಿಮಿಷವೂ ಇಲ್ಲದ ನರ್ಸಿಂಗ್ ಬೇಡವಾಗಿತ್ತು.

ಹೀಗಾಗಿ ವೃತ್ತಿ ಬಿಡಲಿಲ್ಲ, ವಾರ್ಡ್ ಬದಲಿಸಿದೆ. ಈಗ ಡಯಾಲಿಸಿಸ್ ಘಟಕದಲ್ಲಿದ್ದೇನೆ. ಸಂಬಳ ಮೊದಲಿಗಿಂತ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ರೋಗಿಗಳು ವಾರಕ್ಕೆ ಎರಡು–ಮೂರು ಸಲ ಬಂದು ಸುಮಾರು ನಾಲ್ಕು ತಾಸು ಕೂಡುತ್ತಾರೆ; ಅವರ ಮೊಮ್ಮಕ್ಕಳ ಹೆಸರೂ ನನಗೆ ಗೊತ್ತು. ಬಿ.ಎಸ್ಸಿ ಮಾಡಿದವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ, ಹೆಚ್ಚಾಗಿ ಹಗಲಿನ ಕೆಲಸ. ಸೋಂಕು ನಿಯಂತ್ರಣ, ಬೋಧನೆ, ಮಾನಸಿಕ ಆರೋಗ್ಯ ಶುಶ್ರೂಷೆಯ ದಾರಿಗಳೂ ಇವೆ. ಕೈಯಲ್ಲಿ ಇನ್ನೊಂದು ಕೆಲಸ ಇಲ್ಲದೆ ರಾಜೀನಾಮೆ ಕೊಡಲಾಗದ ಮನೆ ಪರಿಸ್ಥಿತಿ ಇದ್ದವರು ಮೊದಲು ವಾರ್ಡ್ ಬದಲಾವಣೆಗೆ ಲಿಖಿತವಾಗಿ ಅರ್ಜಿ ಕೊಡಬಹುದು.

ಇನ್ನು ಮೊದಲ ಕೆಲಸ ಹುಡುಕುತ್ತಿರುವವರಿಗೆ. ಸಂದರ್ಶನದಲ್ಲಿ ಸಂಬಳದ ಜೊತೆಗೆ ಇವನ್ನೂ ಕೇಳಿ: ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಸತತ ಎಷ್ಟು ನೈಟ್, ಆಮೇಲೆ ಎಷ್ಟು ದಿನ ಆಫ್? ಬಾಂಡ್ ಇದೆಯೇ? ಮೂಲ ಅಂಕಪಟ್ಟಿಯನ್ನು ಒತ್ತೆ ಇಡುವಂತೆ ಕೈಬಿಡಬೇಡಿ, ಝೆರಾಕ್ಸ್ ಸಾಕು ಎನ್ನಿ. ಇದನ್ನೆಲ್ಲ ಕೇಳಿದ್ದಕ್ಕೆ ಒಂದು ಕಡೆ ನನಗೆ ‘ಆಮೇಲೆ ಫೋನ್ ಮಾಡ್ತೀವಿ’ ಎಂದರು, ಮಾಡಲಿಲ್ಲ. ಇನ್ನೊಂದು ಕಡೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನಕ್ಕು, ಟೇಬಲ್ ಖಾನೆಯಿಂದ ಆ ತಿಂಗಳ ರೋಸ್ಟರ್ ತೆಗೆದು ನನ್ನ ಮುಂದಿಟ್ಟರು.